ಈ ಟ್ಯಾಬ್ ಯಾರದು?

ಸಹೋದರಿಯರೇ, ನಿಮ್ಮ ಮನೆಯ ಅಲ್ಮಾರಿಯಲ್ಲಿ ಹಳೆಯದೊಂದು ಟ್ಯಾಬ್ ಬಿದ್ದಿದೆಯೇ? ಒಮ್ಮೆ ನೆನಪು ಮಾಡಿಕೊಳ್ಳಿ. ಲಾಕ್‌ಡೌನ್ ಕಾಲದಲ್ಲಿ ಮಕ್ಕಳ ಆನ್‌ಲೈನ್ ಪಾಠಕ್ಕೆಂದು ಸಾಲ ಮಾಡಿ ಕೊಂಡದ್ದಿರಬಹುದು, ಗಲ್ಫ್‌ನಿಂದ ಬಂದ ನೆಂಟರು ಕೊಟ್ಟು ಹೋದದ್ದಿರಬಹುದು. "ಅದು ಸ್ಲೋ ಆಗಿದೆ, ಯಾವ ಕೆಲಸಕ್ಕೂ ಬರುವುದಿಲ್ಲ" ಎಂದು ಮಕ್ಕಳು ಅದನ್ನು ಬಟ್ಟೆಗಳ ಕೆಳಗೆ ತಳ್ಳಿರುತ್ತಾರೆ. ಅಂಥದೇ ಒಂದು ಟ್ಯಾಬ್ ನಮ್ಮ ಮನೆಯಲ್ಲಿದೆ. ಅದರ ಬಗ್ಗೆ ನಿಮಗೆ ನಾಲ್ಕು ಮಾತು ಹೇಳಬೇಕು. ಜೊತೆಗೆ ನನ್ನದೊಂದು ತಪ್ಪನ್ನೂ ಹೇಳಿಕೊಳ್ಳಬೇಕು.

ನಮ್ಮೂರು ಬೀದರ್ ಜಿಲ್ಲೆ ಹುಮನಾಬಾದ್ ತಾಲೂಕಿನ ಹಳ್ಳಿಖೇಡ (ಬಿ). ಊರ ಹೆಸರಿನ ಜೊತೆಗಿರುವ 'ಬಿ' ಅಂದರೆ ಬುಜುರ್ಗ್, ದೊಡ್ಡದು ಎಂದರ್ಥ. ನಿಜಾಮರ ಕಾಲದ ಕಂದಾಯ ಭಾಷೆಯಿಂದ ಉಳಿದು ಬಂದ ಗುರುತು ಅದು. ನಮ್ಮ ಯಜಮಾನರು ಹುಮನಾಬಾದಿನ ಹೆದ್ದಾರಿಯಲ್ಲಿ ಟೈರ್ ಪಂಕ್ಚರ್ ಅಂಗಡಿ ನಡೆಸುತ್ತಾರೆ. ನಾನು ಮನೆಯಲ್ಲೇ ಹೊಲಿಗೆ ಮಾಡುತ್ತೇನೆ. ಮನೆಯಲ್ಲಿ ಅತ್ತೆ, ಒಬ್ಬ ಮಗ, ಒಬ್ಬಳು ಮಗಳು. ಒಳಗೆ ಮಾತು ದಖನಿ ಉರ್ದು, ಹೊರಗೆ ಬಜಾರಿನಲ್ಲಿ ಕನ್ನಡ. ಮಕ್ಕಳು ಓದಿದ್ದು ಕನ್ನಡ ಮಾಧ್ಯಮದಲ್ಲಿ.

2020ರ ಬೇಸಿಗೆ ನಿಮಗೆಲ್ಲ ನೆನಪಿದೆ. ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿದವು. ನನ್ನ ಮಗ ಆಗ ಎಸ್ಸೆಸ್ಸೆಲ್ಸಿ. ಪರೀಕ್ಷೆ ಮುಂದಕ್ಕೆ ಹೋಗಿ ಕೊನೆಗೆ ಜೂನ್ 25ಕ್ಕೆ ಶುರುವಾಯಿತು. ಮನೆಯಲ್ಲಿದ್ದ ಸ್ಮಾರ್ಟ್‌ಫೋನ್ ಒಂದೇ, ಅದೂ ಯಜಮಾನರದ್ದು. ಪರೀಕ್ಷೆಯ ಹುಡುಗನಿಗೆ ಫೋನ್ ಕೊಡುವುದು ನ್ಯಾಯವೇ ಆಗಿತ್ತು. ಯಾರೂ ಎರಡು ಮಾತಾಡಲಿಲ್ಲ.

ಪರೀಕ್ಷೆ ಮುಗಿಯಿತು, ಅವನು ಪಾಸಾದ, ಪಿಯುಸಿ ಸೇರಿದ. ಫೋನ್ ಮಾತ್ರ ಅವನ ಕೈಯಲ್ಲೇ ಉಳಿಯಿತು. ಮಗಳು ಆಗ 8ನೇ ತರಗತಿ. ಅವಳ ಶಿಕ್ಷಕರು ವಾಟ್ಸ್‌ಆ್ಯಪ್‌ನಲ್ಲಿ ಪಾಠ ಕಳುಹಿಸುತ್ತಿದ್ದರು. "ಭಾಯಿಯ ಕ್ಲಾಸ್ ಮುಗಿಯಲಿ, ಆಮೇಲೆ ನೀನು ನೋಡು" ಎಂದು ನಾನೇ ಅವಳಿಗೆ ಹೇಳುತ್ತಿದ್ದೆ. ಭಾಯಿಯ ಕ್ಲಾಸ್ ಮುಗಿಯುವಾಗ ಫೋನಿನ ಚಾರ್ಜೂ ಮುಗಿದಿರುತ್ತಿತ್ತು, ದಿನದ ಡೇಟಾವೂ ಮುಗಿದಿರುತ್ತಿತ್ತು. ಆಗಸ್ಟ್‌ನಲ್ಲಿ ವಿದ್ಯಾಗಮದ ಹೆಸರಿನಲ್ಲಿ ಶಿಕ್ಷಕರು ಓಣಿಗೇ ಬಂದು ಪಾಠ ಮಾಡಿದಾಗ ಹುಡುಗಿ ಖುಷಿಯಾಗಿದ್ದಳು. ಅಕ್ಟೋಬರ್‌ನಲ್ಲಿ ಸೋಂಕಿನ ಭಯದಿಂದ ಅದೂ ನಿಂತಿತು.

ಒಂದು ದಿನ ಮನೆ ಗುಡಿಸುವಾಗ ಅವಳ ಗಣಿತದ ನೋಟ್‌ಬುಕ್ ಕೈಗೆ ಸಿಕ್ಕಿತು. ಪ್ರತಿ ಪುಟದ ಮೇಲೆ ದಿನಾಂಕ, ಪಾಠದ ಹೆಸರು ಚೆಂದಾಗಿ ಬರೆದಿದ್ದಳು. ಕೆಳಗೆ ಪುಟ ಖಾಲಿ. ಒಂದೆರಡಲ್ಲ, ಹನ್ನೊಂದು ಪುಟ. ಕೆಲವು ಪುಟಗಳ ಮೂಲೆಯಲ್ಲಿ ಪೆನ್ಸಿಲಿನಿಂದ ಸಣ್ಣಗೆ 'ಪಾಠ ಸಿಗಲಿಲ್ಲ' ಎಂದು ಬರೆದಿತ್ತು. ಶಾಲೆ ತೆರೆದ ಮೇಲೆ ಬರೆದುಕೊಳ್ಳಲು ಜಾಗ ಬಿಟ್ಟಿದ್ದಳಂತೆ. ಕಸಬರಿಗೆ ಕೈಯಲ್ಲಿ ಹಿಡಿದು ನಾನು ಅಲ್ಲೇ ಕುಳಿತುಬಿಟ್ಟೆ. ಅವಳಿಗೆ ಪಾಠ ಸಿಗದಂತೆ ಮಾಡಿದ್ದು ಕೊರೋನಾ ಒಂದೇ ಅಲ್ಲ, ನಾನೂ ಹೌದು. ಒಮ್ಮೆಯೂ ಮಗನಿಗೆ "ಈಗ ತಂಗಿಯ ಸರದಿ, ಫೋನ್ ಕೊಡು" ಎಂದು ನಾನು ಹೇಳಿರಲಿಲ್ಲ.

2021ರ ಬಕ್ರೀದ್‌ಗೆ ಹೈದರಾಬಾದಿನಿಂದ ನನ್ನ ಅಣ್ಣ ಬಂದಾಗ ತಮ್ಮ ಮನೆಯಲ್ಲಿ ಎರಡು ವರ್ಷ ಬಳಸಿದ ಟ್ಯಾಬ್ ತಂದುಕೊಟ್ಟರು. "ಹಳೆಯದು, ಸ್ವಲ್ಪ ನಿಧಾನ. ಆದರೂ ಸೊಸೆಯ ಓದಿಗೆ ಆಗುತ್ತದೆ" ಎಂದರು. ಸೊಸೆಗೆಂದು ಕೊಟ್ಟ ಟ್ಯಾಬ್ ಒಂದು ವಾರದೊಳಗೆ ಎಲ್ಲಿತ್ತು ಹೇಳಿ? ಹಗಲು ಮಗನ ಆಟಕ್ಕೆ, ರಾತ್ರಿ ಯಜಮಾನರ ಸುದ್ದಿಗೆ. ನಾನು ಮತ್ತೆ ನೋಡುತ್ತಾ ಸುಮ್ಮನಿದ್ದೆ. ಆದರೆ ಅದರಲ್ಲಿ ಆಟ ನಡುನಡುವೆ ನಿಂತುಬಿಡುತ್ತಿತ್ತು. ಸುದ್ದಿಯ ವಿಡಿಯೋ ಚಕ್ರದಂತೆ ತಿರುಗುತ್ತಲೇ ಇರುತ್ತಿತ್ತು. ಇಬ್ಬರೂ ಬೇಸತ್ತು ಬಿಟ್ಟರು. ಟ್ಯಾಬ್ ನಿಧಾನವಾಗಿದ್ದದ್ದೇ ಮಗಳಿಗೆ ಅನುಕೂಲವಾಯಿತು. ಯಾರಿಗೂ ಬೇಡವಾದ ಮೇಲೆ ಅದು ಅವಳ ಕೈಗೆ ಬಂತು.

ಈಗ ಆ ಟ್ಯಾಬಿನ ಗುಣಲಕ್ಷಣ ಹೇಳುತ್ತೇನೆ. ಕಂಪನಿಯ ಹೆಸರು ಬೇಡ, ಆ ಕಾಲದ ಕಡಿಮೆ ಬೆಲೆಯ ಟ್ಯಾಬ್‌ಗಳು ಹೆಚ್ಚು ಕಡಿಮೆ ಹೀಗೇ ಇದ್ದವು. ಪರದೆ 8 ಇಂಚು. ರ್‍ಯಾಮ್ 2 ಜಿಬಿ. ಸಂಗ್ರಹ 32 ಜಿಬಿ. ಬ್ಯಾಟರಿ 5,100 ಎಂಎಎಚ್. ಆಂಡ್ರಾಯ್ಡ್ 9. ಸಿಮ್ ಹಾಕಬಹುದು, ಮೆಮೊರಿ ಕಾರ್ಡೂ ಹಾಕಬಹುದು. ಈ ಅಂಕಿಗಳು ನನಗೆ ಮೊದಲು ಅರ್ಥವಾಗುತ್ತಿರಲಿಲ್ಲ. ಮಗಳು ಅಡುಗೆಮನೆಯ ಮಾತಿನಲ್ಲಿ ತಿಳಿಸಿಕೊಟ್ಟಳು. ಸಂಗ್ರಹ ಎಂದರೆ ದವಸ ತುಂಬಿಡುವ ಕೋಣೆ. ರ್‍ಯಾಮ್ ಎಂದರೆ ಅಡುಗೆಯ ಕಟ್ಟೆ. ಕೋಣೆ ಎಷ್ಟೇ ದೊಡ್ಡದಿರಲಿ, ಕಟ್ಟೆ ಸಣ್ಣದಾದರೆ ಒಮ್ಮೆಗೆ ರೊಟ್ಟಿಯನ್ನೂ ಬಡಿದು, ತರಕಾರಿಯನ್ನೂ ಹೆಚ್ಚಿ, ಮಸಾಲೆಯನ್ನೂ ಅರೆಯಲು ಆಗುವುದಿಲ್ಲ. ಒಂದು ಕೆಲಸ ಮುಗಿಸಿ, ಒರೆಸಿ, ಮತ್ತೊಂದಕ್ಕೆ ಕೈ ಹಾಕಬೇಕು. 2 ಜಿಬಿ ಟ್ಯಾಬಿನ ಸ್ವಭಾವ ಇಷ್ಟೇ. ಒಂದು ಸಲಕ್ಕೆ ಒಂದೇ ಕೆಲಸ ಕೊಟ್ಟರೆ ಅದು ಮಾಡುತ್ತದೆ.

ಬಡವರ ಮಕ್ಕಳ ಕೈಗೆ ಅಗ್ಗದ ಕಂಪ್ಯೂಟರ್ ಕೊಡಬೇಕೆಂಬ ಆಸೆ ನಮ್ಮ ದೇಶದಲ್ಲಿ ಹಳೆಯದು. ನಮ್ಮ ರಾಜ್ಯದಲ್ಲೇ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಎನ್‌ಕೋರ್ ಸಾಫ್ಟ್‌ವೇರ್ ಕಂಪನಿಯವರು ಸೇರಿ 2001ರಲ್ಲಿ 'ಸಿಂಪ್ಯೂಟರ್' ಎಂಬ ಅಂಗೈ ಕಂಪ್ಯೂಟರನ್ನು ತೋರಿಸಿದರು. ಅದರ ಒಂದು ವಿಚಾರ ನನಗೆ ಬಹಳ ಹಿಡಿಸಿತು. ಒಂದು ಯಂತ್ರವನ್ನು ಇಡೀ ಊರು ಹಂಚಿಕೊಳ್ಳಬೇಕು, ಪ್ರತಿಯೊಬ್ಬರ ಬಳಿ ಅವರದೇ ಸ್ಮಾರ್ಟ್‌ಕಾರ್ಡ್ ಇರಬೇಕು, ಕಾರ್ಡ್ ಹಾಕಿದಾಗ ಅವರ ವಿವರ ತೆರೆಯಬೇಕು. ಅಕ್ಷರ ಬಾರದವರಿಗೆ ಅವರ ಭಾಷೆಯಲ್ಲೇ ಓದಿ ಹೇಳಬೇಕೆಂಬುದೂ ಆ ಯೋಜನೆಯಲ್ಲಿತ್ತು. 2004ರಲ್ಲಿ ಮಾರುಕಟ್ಟೆಗೂ ಬಂತು. ಆದರೆ ಅಂದುಕೊಂಡಷ್ಟು ಮಾರಾಟವಾಗಲಿಲ್ಲ.

ನಂತರ ಬಂದದ್ದು 'ಆಕಾಶ್'. 2011ರ ಅಕ್ಟೋಬರ್ 5ರಂದು ಆಗಿನ ಮಾನವ ಸಂಪನ್ಮೂಲ ಸಚಿವ ಕಪಿಲ್ ಸಿಬಲ್ ದೆಹಲಿಯಲ್ಲಿ ಬಿಡುಗಡೆ ಮಾಡಿದರು. ತಯಾರಿಸಿದ್ದು ಡೇಟಾವಿಂಡ್ ಕಂಪನಿ, ಜೋಡಿಸಿದ್ದು ಹೈದರಾಬಾದಿನಲ್ಲಿ. ಸರ್ಕಾರಕ್ಕೆ ಬಿದ್ದ ಬೆಲೆ ಸುಮಾರು 2,250 ರೂಪಾಯಿ. 7 ಇಂಚಿನ ಪರದೆ, 256 ಎಂಬಿ ರ್‍ಯಾಮ್, 2,100 ಎಂಎಎಚ್ ಬ್ಯಾಟರಿ. ಪರದೆಯನ್ನು ಬೆರಳಿನಿಂದ ಒತ್ತಿ ಒತ್ತಿ ಕೆಲಸ ಮಾಡಿಸಬೇಕಿತ್ತು. ಮುಖ್ಯವಾಗಿ ಅದರಲ್ಲಿದ್ದ ಆಂಡ್ರಾಯ್ಡ್ 2.2ರಲ್ಲಿ ಕನ್ನಡದ ಅಕ್ಷರಗಳೇ ಇರಲಿಲ್ಲ. ಆಂಡ್ರಾಯ್ಡ್‌ಗೆ ಕನ್ನಡ ಅಕ್ಷರ ಬಂದದ್ದು 2012ರ 4.1ನೇ ಆವೃತ್ತಿಯಲ್ಲಿ. ಅದೇ ವರ್ಷ ನವೆಂಬರ್ 11ರಂದು ರಾಷ್ಟ್ರಪತಿ ಪ್ರಣಬ್ ಮುಖರ್ಜಿಯವರು ಬಿಡುಗಡೆ ಮಾಡಿದ ಆಕಾಶ್ 2ರಲ್ಲಿ ರ್‍ಯಾಮ್ 512 ಎಂಬಿಗೆ ಏರಿತು, ಪರದೆ ಉತ್ತಮವಾಯಿತು. ಆದರೂ ಎಲ್ಲ ವಿದ್ಯಾರ್ಥಿಗಳ ಕೈಗೂ ತಲುಪುವ ಕನಸು ಕೈಗೂಡಲಿಲ್ಲ.

ಇದನ್ನೆಲ್ಲ ಏಕೆ ಹೇಳುತ್ತಿದ್ದೇನೆ? ನಾವು "ಹಳೆಯದು, ಬೇಡ" ಎಂದು ಮೂಲೆಗೆ ಎಸೆದ 2 ಜಿಬಿ ಟ್ಯಾಬ್ ಆ ಮೊದಲ ಆಕಾಶ್‌ಗಿಂತ ಎಂಟು ಪಟ್ಟು ದೊಡ್ಡ ಕಟ್ಟೆಯುಳ್ಳದ್ದು. ಕನ್ನಡ ತೋರಿಸುತ್ತದೆ, ಉರ್ದು ತೋರಿಸುತ್ತದೆ. 2017ರ ಆಗಸ್ಟ್‌ನಲ್ಲಿ ಗೂಗಲ್ ಧ್ವನಿ ಟೈಪಿಂಗ್‌ಗೆ ಎಂಟು ಭಾರತೀಯ ಭಾಷೆಗಳನ್ನು ಸೇರಿಸಿತು. ಅವುಗಳಲ್ಲಿ ಕನ್ನಡವೂ ಇತ್ತು, ಉರ್ದುವೂ ಇತ್ತು. ದೊಡ್ಡವರು ಕನಸು ಕಂಡಿದ್ದ ಸೌಲಭ್ಯ ನಮ್ಮ ಅಲ್ಮಾರಿಯೊಳಗೆ ಧೂಳು ತಿನ್ನುತ್ತಿದೆ.

ಹಾಗಾದರೆ ನಿಧಾನವಾದ ಟ್ಯಾಬನ್ನು ಸರಿಪಡಿಸುವುದು ಹೇಗೆ? ನಾನೂ ಮಗಳೂ ಒಂದು ಭಾನುವಾರ ಕುಳಿತು ಮಾಡಿದ್ದನ್ನು ಹೇಳುತ್ತೇನೆ. ನೀವೂ ಮಾಡಬಹುದು, ಯಾವ ಅಂಗಡಿಗೂ ಹೋಗಬೇಕಿಲ್ಲ.

ಮೊದಲು ಬೇಕಾದ ಫೋಟೋಗಳನ್ನು ತೆಗೆದಿಟ್ಟು ಟ್ಯಾಬನ್ನು ಪೂರ್ತಿ ರೀಸೆಟ್ ಮಾಡಿದೆವು. ಇಲ್ಲೊಂದು ಎಚ್ಚರಿಕೆ ಬೇಕು. ಬೇರೆಯವರು ಬಳಸಿದ ಟ್ಯಾಬ್ ಆಗಿದ್ದರೆ, ಮೊದಲು ಸೆಟ್ಟಿಂಗ್ಸ್‌ಗೆ ಹೋಗಿ ಅವರ ಗೂಗಲ್ ಖಾತೆಯನ್ನು ತೆಗೆಯಬೇಕು. ತೆಗೆಯದೇ ಬೇರೆ ದಾರಿಯಿಂದ ರೀಸೆಟ್ ಮಾಡಿದರೆ ಆಮೇಲೆ ಅದು ಅವರ ಪಾಸ್‌ವರ್ಡನ್ನೇ ಕೇಳುತ್ತದೆ. ಕಳ್ಳತನ ತಡೆಯಲು ಮಾಡಿದ ವ್ಯವಸ್ಥೆ ಅದು. ನಾವು ಅಣ್ಣನಿಗೆ ಫೋನ್ ಹಚ್ಚಿ ಕೇಳಿಕೊಂಡು ಅವರ ಖಾತೆ ತೆಗೆದೆವು.

ಎರಡನೆಯದು, ಬೇಡದ ಆ್ಯಪ್‌ಗಳನ್ನೆಲ್ಲ ಅಳಿಸಿದೆವು. ಅಳಿಸಲಾಗದವುಗಳನ್ನು ನಿಷ್ಕ್ರಿಯಗೊಳಿಸಿದೆವು. ಒಳಗೆ ಉಳಿದದ್ದು ಏಳೆಂಟು ಮಾತ್ರ. ಬಾಕಿ ಕೆಲಸಕ್ಕೆ ಬ್ರೌಸರ್ ಸಾಕು.

ಮೂರನೆಯದು, ಮೆಮೊರಿ ಕಾರ್ಡ್ ಹಾಕಿ ಪಾಠದ ವಿಡಿಯೋ, ಪುಸ್ತಕಗಳನ್ನು ಅದಕ್ಕೆ ಸರಿಸಿದೆವು. 32 ಜಿಬಿ ಎಂದು ಬರೆದಿದ್ದರೂ ಅಷ್ಟೂ ಜಾಗ ನಮಗೆ ಸಿಗುವುದಿಲ್ಲ. ಒಂದು ಪಾಲನ್ನು ಆಂಡ್ರಾಯ್ಡೇ ಹಿಡಿದುಕೊಂಡಿರುತ್ತದೆ. ಒಳಗಿನ ಜಾಗ ತುಂಬಿದಷ್ಟೂ ಟ್ಯಾಬ್ ಏದುಸಿರು ಬಿಡುತ್ತದೆ.

ನಾಲ್ಕನೆಯದು ಮಗಳು ಕಲಿತು ಬಂದ ಉಪಾಯ. ಸೆಟ್ಟಿಂಗ್ಸ್‌ನಲ್ಲಿ 'ಬಿಲ್ಡ್ ನಂಬರ್' ಎಂಬುದನ್ನು ಏಳು ಸಲ ಮುಟ್ಟಿದರೆ ಒಂದು ಹೊಸ ಪಟ್ಟಿ ತೆರೆಯುತ್ತದೆ. ಅಲ್ಲಿ ಆ್ಯನಿಮೇಶನ್ ಎಂದಿರುವ ಮೂರು ಕಡೆ ಅಂಕಿಯನ್ನು ಅರ್ಧಕ್ಕೆ ಇಳಿಸಿದರೆ ಪುಟಗಳು ಬೇಗ ತೆರೆದಂತೆ ಕಾಣುತ್ತವೆ. ಆ ಪಟ್ಟಿಯಲ್ಲಿ ಬೇರೆ ಯಾವುದನ್ನೂ ಮುಟ್ಟಬೇಡಿ.

ಪಠ್ಯಪುಸ್ತಕಗಳ ವಿಷಯಕ್ಕೆ ಬರೋಣ. 2017ರಲ್ಲಿ ಶುರುವಾದ ದೀಕ್ಷಾ ಆ್ಯಪ್ ಇದೆ. ನಮ್ಮ ರಾಜ್ಯದ ಪಠ್ಯಪುಸ್ತಕಗಳಲ್ಲಿ ಅಚ್ಚಾಗಿರುವ ಕ್ಯೂಆರ್ ಚೌಕವನ್ನು ಅದರಿಂದ ತೋರಿಸಿದರೆ ಆ ಪಾಠದ ಸಾಮಗ್ರಿ ಸಿಗುತ್ತದೆ. ಡೌನ್‌ಲೋಡ್ ಮಾಡಿಟ್ಟುಕೊಂಡರೆ ನೆಟ್ ಇಲ್ಲದಾಗಲೂ ನೋಡಬಹುದು. ಯಜಮಾನರು ರಾತ್ರಿ ಮನೆಗೆ ಬಂದ ಮೇಲೆ ಅವರ ಫೋನಿನಲ್ಲಿ ಉಳಿದ ಡೇಟಾದಿಂದ ಮರುದಿನದ ಪಾಠವನ್ನು ಇಳಿಸಿಡುವುದು ಮಗಳ ರೂಢಿಯಾಯಿತು. ಬೆಳಿಗ್ಗೆ ಫೋನ್ ಅಂಗಡಿಗೆ ಹೋದರೂ ಪಾಠ ಮನೆಯಲ್ಲೇ ಇರುತ್ತಿತ್ತು. ಖಾಲಿ ಬಿಟ್ಟಿದ್ದ ಆ ಹನ್ನೊಂದು ಪುಟಗಳನ್ನು ಅವಳು ಅದೇ ಆಗಸ್ಟ್‌ನಲ್ಲಿ ತುಂಬಿಸಿದಳು. ಆಗ ಅವಳು 9ನೇ ತರಗತಿ. ಆದರೂ ಹಿಂದಿನ ವರ್ಷದ ಗಣಿತದಿಂದ ಶುರು ಮಾಡಿದಳು.

ಎರಡನೆಯ ಬಳಕೆದಾರರು ನಮ್ಮ ಅತ್ತೆ. ಅವರು ಉರ್ದು ಬಲ್ಲವರು, ಚಿಕ್ಕಂದಿನಲ್ಲಿ ಕಥೆ ಪುಸ್ತಕಗಳ ಹುಚ್ಚಿತ್ತಂತೆ. ಕಣ್ಣಿನ ಪೊರೆ ತೆಗೆಸಿದ ಮೇಲೂ ಸಣ್ಣ ಅಕ್ಷರ ಕಾಣುತ್ತಿರಲಿಲ್ಲ. ಓದು ಬಿಟ್ಟು ಹತ್ತು ವರ್ಷವಾಗಿತ್ತು. ಮಗಳು ರೇಖ್ತಾ ಜಾಲತಾಣದಲ್ಲಿ ಹಳೆಯ ಉರ್ದು ಪುಸ್ತಕವೊಂದನ್ನು ತೆರೆದು, ಪುಟವನ್ನು ಎರಡು ಬೆರಳಿನಿಂದ ಹಿಗ್ಗಿಸಿ ಅವರ ಮುಂದೆ ಹಿಡಿದಳು. ಅಚ್ಚು ಪುಸ್ತಕದ ಪುಟವನ್ನೇ ಚಿತ್ರ ತೆಗೆದು ಹಾಕಿರುವುದರಿಂದ ಅದೇ ನಸ್ತಾಲೀಖ್ ಬರಹ. ಅತ್ತೆ ಮೊದಲು ಕನ್ನಡಕ ಹುಡುಕಿದರು. ಆಮೇಲೆ ಕನ್ನಡಕ ಮರೆತು ಓದತೊಡಗಿದರು. ಫೋನಿನ ಪರದೆಯಲ್ಲಿ ಇದು ಆಗುವ ಮಾತಲ್ಲ. ಅಕ್ಷರ ಹಿಗ್ಗಿಸಿದರೆ ಅರ್ಧ ಸಾಲು ಹೊರಗೆ ಹೋಗುತ್ತದೆ. 8 ಇಂಚಿನ ಟ್ಯಾಬನ್ನು ಅಡ್ಡ ಹಿಡಿದರೆ ಸಾಲು ಪೂರ್ತಿ ಕಾಣುತ್ತದೆ. ವಯಸ್ಸಾದವರು ಮನೆಯಲ್ಲಿದ್ದರೆ ಈ ಒಂದು ಕಾರಣಕ್ಕಾದರೂ ಹಳೆಯ ಟ್ಯಾಬನ್ನು ಹೊರತೆಗೆಯಿರಿ.

ಮೂರನೆಯವಳು ನಾನು. ಹೊಲಿಗೆಯ ಅಳತೆ, ಯಾರು ಎಷ್ಟು ಹಣ ಕೊಟ್ಟರು, ಎಷ್ಟು ಬಾಕಿ ಎಲ್ಲವನ್ನೂ ಅದರಲ್ಲೇ ಬರೆದಿಡುತ್ತೇನೆ. ಕೈಯಲ್ಲಿ ಬಟ್ಟೆ ಇರುವಾಗ ಬಾಯಲ್ಲಿ ಹೇಳಿದರೆ ಕನ್ನಡದಲ್ಲಿ ತಾನೇ ಬರೆದುಕೊಳ್ಳುತ್ತದೆ. ನಮ್ಮ ಕಡೆಯ ಮಾತು ಅದಕ್ಕೆ ಒಮ್ಮೊಮ್ಮೆ ತಿಳಿಯುವುದಿಲ್ಲ, ತಿದ್ದಬೇಕಾಗುತ್ತದೆ.

ಮೂವರಿಗೆ ಒಂದೇ ಟ್ಯಾಬ್ ಆದಾಗ ಜಗಳ ಬರದಿರುತ್ತದೆಯೇ? ಆಂಡ್ರಾಯ್ಡ್ ಟ್ಯಾಬ್‌ಗಳಲ್ಲಿ ಒಬ್ಬೊಬ್ಬರಿಗೆ ಬೇರೆ ಬೇರೆ ಖಾತೆ ಮಾಡುವ ಸೌಲಭ್ಯ 2012ರಿಂದಲೇ ಇದೆ. ನಾವೂ ಮಾಡಿ ನೋಡಿದೆವು. ಆದರೆ 2 ಜಿಬಿಯಲ್ಲಿ ಭಾರವಾಯಿತು, ತೆಗೆದೆವು. ಬದಲಿಗೆ ಒಂದು ಕಾಗದದಲ್ಲಿ ಸಮಯ ಬರೆದು ಗೋಡೆಗೆ ಅಂಟಿಸಿದೆವು. ಬೆಳಿಗ್ಗೆ ಮಕ್ಕಳು ಹೊರಟ ಮೇಲೆ ದಾದಿಯದು. ಮಧ್ಯಾಹ್ನ ಒಂದು ಗಂಟೆ ನನ್ನದು. ಅಸ್ರ್‌ನಿಂದ ಇಶಾವರೆಗೆ ಮಗಳದು. ಆ ಕಾಗದದಲ್ಲಿ ಮೊದಲ ಬಾರಿಗೆ ನಾನು ಮಗಳ ಹೆಸರನ್ನು ಎಲ್ಲಕ್ಕಿಂತ ಮೇಲೆ ಬರೆದೆ. ಟ್ಯಾಬ್ ಇಡುವ ಜಾಗವೂ ಒಂದೇ, ನಡುಮನೆಯ ಗೋಡೆಯ ಗೂಡು. ಕೋಣೆಯೊಳಗೆ ಒಯ್ಯುವಂತಿಲ್ಲ. ನೋಡುವುದೆಲ್ಲ ನಡುಮನೆಯಲ್ಲಿ, ಎಲ್ಲರ ಎದುರಿಗೆ. ಮಕ್ಕಳು ಏನು ನೋಡುತ್ತಾರೋ ಎಂಬ ಚಿಂತೆಗೆ ಇದಕ್ಕಿಂತ ಒಳ್ಳೆಯ ಉಪಾಯ ನನಗೆ ತಿಳಿದಿಲ್ಲ.

ಅದರಿಂದ ಆಗದ್ದನ್ನೂ ಹೇಳಬೇಕು, ಇಲ್ಲವಾದರೆ ನಿಮಗೆ ಮೋಸ ಮಾಡಿದಂತಾಗುತ್ತದೆ. ಇಂಥ ಟ್ಯಾಬ್‌ಗಳಿಗೆ ಕೆಲವು ವರ್ಷಗಳ ನಂತರ ಕಂಪನಿಯಿಂದ ಸುರಕ್ಷತೆಯ ಅಪ್‌ಡೇಟ್ ಬರುವುದು ನಿಲ್ಲುತ್ತದೆ. ಆದ್ದರಿಂದ ಬ್ಯಾಂಕಿನ ವ್ಯವಹಾರ, ಯುಪಿಐ ಅದರಲ್ಲಿ ಬೇಡವೇ ಬೇಡ. ಗೊತ್ತಿಲ್ಲದ ಲಿಂಕ್ ಒತ್ತಬೇಡಿ. ತೀರಾ ಹಳೆಯ ಟ್ಯಾಬ್ ಆದರೆ ಕೆಲವು ಆ್ಯಪ್‌ಗಳೇ ನಡೆಯುವುದಿಲ್ಲ. 2025ರ ಜನವರಿಯಿಂದ ಆಂಡ್ರಾಯ್ಡ್ 5ಕ್ಕಿಂತ ಹಿಂದಿನವುಗಳಲ್ಲಿ ವಾಟ್ಸ್‌ಆ್ಯಪ್ ನಿಂತುಹೋಗಿದೆ. ಕ್ಯಾಮರಾ ಹೆಸರಿಗೆ ಮಾತ್ರ. ವಿಡಿಯೋ ಕರೆಯಲ್ಲಿ ಮುಖ ಮಸುಕು. ಬ್ಯಾಟರಿ ವರ್ಷ ಕಳೆದಂತೆ ಸವೆಯುತ್ತದೆ. ಮೊದಲು ದಿನವಿಡೀ ಬರುತ್ತಿದ್ದ ಚಾರ್ಜ್ ಈಗ ನಮ್ಮಲ್ಲಿ ಮೂರು ಗಂಟೆ ಬರುತ್ತದೆ. ನಮ್ಮ ಕಡೆಯ ಬಿಸಿಲು ನಿಮಗೆ ಗೊತ್ತಲ್ಲ, ಬೇಸಿಗೆಯಲ್ಲಿ ಕಿಟಕಿಯ ಬಳಿ ಇಡಬೇಡಿ, ದಿಂಬಿನ ಕೆಳಗಿಟ್ಟು ಚಾರ್ಜ್ ಮಾಡಬೇಡಿ. ಹಿಂಭಾಗ ಉಬ್ಬಿದಂತೆ ಕಂಡರೆ ಆ ಕ್ಷಣದಿಂದ ಬಳಸುವುದು ನಿಲ್ಲಿಸಿ. ಉಬ್ಬಿದ ಬ್ಯಾಟರಿಗೆ ಬೆಂಕಿ ಹತ್ತುವ ಅಪಾಯವಿದೆ.

ಮಗಳು 2023ರಲ್ಲಿ ಎಸ್ಸೆಸ್ಸೆಲ್ಸಿ ಪಾಸಾದಳು. ಆಗ ಮನೆಯಲ್ಲಿ ಒಂದು ಮಾತು ಎದ್ದಿತು. ಕಾಲೇಜಿಗೆಂದು ಹುಡುಗಿಯನ್ನು ದಿನಾ ಬಸ್ಸಿನಲ್ಲಿ ಹುಮನಾಬಾದಿಗೆ ಕಳುಹಿಸುವುದು ಬೇಡ, ಇಷ್ಟು ಓದಿದ್ದು ಸಾಕು, ಹೊಲಿಗೆ ಕಲಿಯಲಿ ಎಂದು ನೆಂಟರೊಬ್ಬರು ಯಜಮಾನರ ಕಿವಿಗೆ ಹಾಕಿದರು. ನಾನು ಏನು ಹೇಳಲಿ ಎಂದು ಯೋಚಿಸುತ್ತಿದ್ದೆ. ಅಷ್ಟರಲ್ಲಿ ಯಜಮಾನರೇ ಮಾತಾಡಿದರು. "ಎರಡು ವರ್ಷದಿಂದ ನಾನು ರಾತ್ರಿ ಮನೆಗೆ ಬಂದಾಗಲೆಲ್ಲ ಅವಳು ಇಲ್ಲೇ ಕುಳಿತು ಓದುತ್ತಿರುತ್ತಾಳೆ. ಓದುವ ಮಗುವನ್ನು ಏಳು ಎಂದು ಹೇಗೆ ಹೇಳಲಿ?" ಎಂದರು. ಮರುದಿನ ಅಂಗಡಿಗೆ ಹೋಗುವ ದಾರಿಯಲ್ಲಿ ಕಾಲೇಜಿನ ಅರ್ಜಿ ತಂದವರೂ ಅವರೇ.

ಟ್ಯಾಬಿನಿಂದ ಅವಳ ಓದು ಉಳಿಯಿತೆಂದು ನಾನು ಹೇಳುವುದಿಲ್ಲ. ಓದಿದ್ದು ಅವಳು. ಆದರೆ ನಡುಮನೆಯಲ್ಲಿ ಅವಳಿಗೊಂದು ಜಾಗ, ಒಂದು ಸಮಯ ಗೊತ್ತಾಗಿದ್ದರಿಂದ ಅವಳ ಓದು ಅವಳ ತಂದೆಯ ಕಣ್ಣಿಗೆ ಬಿತ್ತು. ಅಣ್ಣನ ಬೆನ್ನ ಹಿಂದೆ ಕುಳಿತು ಫೋನಿನೊಳಗೆ ಇಣುಕುತ್ತಿದ್ದ ದಿನಗಳಲ್ಲಿ ಅದು ಯಾರಿಗೂ ಕಂಡಿರಲಿಲ್ಲ. ನನಗೂ ಕಂಡಿರಲಿಲ್ಲ.

ಈಗ ಅವಳು ಡಿಗ್ರಿಗೆ ಸೇರಿದ್ದಾಳೆ. ಮಗ ದುಡಿಯುತ್ತಿದ್ದಾನೆ. ಮೊನ್ನೆ ಅವನೇ "ಅಮ್ಮಿ, ತಂಗಿಗೆ ಹೊಸ ಟ್ಯಾಬ್ ಕೊಡಿಸುತ್ತೇನೆ, ಈ ಹಳೆಯದನ್ನು ಬಿಸಾಡಿ" ಎಂದ. ಅವನ ಮಾತು ಕೇಳಿ ಮನಸ್ಸು ತುಂಬಿ ಬಂತು. ಹೊಸದು ಬರಲಿ, ಬೇಡವೆನ್ನುವುದಿಲ್ಲ. ಆದರೆ ಅತ್ತೆ ಗೂಡಿನ ಕಡೆ ಕೈ ತೋರಿಸಿ ಮೊಮ್ಮಗನಿಗೆ, "ಬೇಟಾ, ನನ್ನ ಕಥೆ ಇನ್ನೂ ಅರ್ಧ ಇದೆ. ಅದನ್ನು ಯಾರೂ ಮುಟ್ಟಬೇಡಿ" ಎಂದರು.

ಸಹೋದರಿಯರೇ, ಇವತ್ತು ಕೆಲಸವೆಲ್ಲ ಮುಗಿದ ಮೇಲೆ ನಿಮ್ಮ ಅಲ್ಮಾರಿಯನ್ನು ಒಮ್ಮೆ ತೆರೆಯಿರಿ. ಆ ಹಳೆಯ ಟ್ಯಾಬನ್ನು ಒರೆಸಿ ಚಾರ್ಜಿಗೆ ಹಾಕಿ. ಅದು ಎದ್ದು ಕುಳಿತರೆ, ಎಷ್ಟು ಜಿಬಿ ಎಂದು ನೋಡುವ ಮೊದಲು ಮನೆಯಲ್ಲಿ ಇದುವರೆಗೆ ಯಾರ ಸರದಿ ಬಂದಿಲ್ಲ ಎಂದು ಯೋಚಿಸಿ. ಮೊದಲು ಅವರ ಕೈಗೆ ಕೊಡಿ.